ಮೇಷ್ಟ್ರಾಗಲು ಹೊರಟವರ ಮನಸ್ಸು

ವಡಪಳನಿ ಎಂದೊಡನೆ ಕನ್ನಡಿಗರ ನೆನಪಿಗೆ ಬರುವುದು ಮುರುಗನ ಗುಡಿ, ಇಲ್ಲವೇ ಎವಿಎಂ, ವಿಜಯಾ-ವಾಹಿನಿ ಸ್ಟುಡಿಯೊಗಳು. ಕನ್ನಡ ಚಿತ್ರರಂಗ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಬರುವ ಮೊದಲು ನಮ್ಮ ನಟರು, ತಂತ್ರಜ್ಞರು ಬಾಳಿದ್ದು ಇದೇ ಕೋಡಂಬಾಕ್ಕಂ-ವಡಪಳನಿ ಆಸುಪಾಸಿನಲ್ಲಿ. ಈ ಬಡಾವಣೆಗೆ ಇನ್ನೊಂದು ನೆರೆಯೂ ಉಂಟು, ಅದರ ಮಾತು ಹೊರಗೆ ಬರುವುದು ಕಡಿಮೆ. ಪಕ್ಕದ ಅಶೋಕನಗರದಲ್ಲಿ 1961ರಿಂದ ಸ್ಟೆಲ್ಲಾ ಮಟುಟಿನಾ ಶಿಕ್ಷಣ ಕಾಲೇಜು ನಡೆಯುತ್ತಿದೆ. ಕೆಲವೇ ಕಿಲೋಮೀಟರ್ ದೂರದ ಸೈದಾಪೇಟೆಯಲ್ಲಿ, 1856ರಲ್ಲಿ ಸರ್ಕಾರಿ ನಾರ್ಮಲ್ ಸ್ಕೂಲ್ ಎಂದು ಹುಟ್ಟಿ ಮುಂದೆ ಟೀಚರ್ಸ್ ಕಾಲೇಜ್ ಎಂದು ಹೆಸರಾದ ಸಂಸ್ಥೆ ಇದೆ. ದೇಶದ ಅತಿ ಹಳೆಯ ಶಿಕ್ಷಕ ತರಬೇತಿ ಸಂಸ್ಥೆಗಳಲ್ಲಿ ಅದೂ ಒಂದು. ಸಮುದ್ರದ ಕಡೆಗೆ, ತಿರುವಲ್ಲಿಕ್ಕೇಣಿಯಲ್ಲಿ, 1922ರ ಲೇಡಿ ವಿಲ್ಲಿಂಗ್ಡನ್ ತರಬೇತಿ ಕಾಲೇಜು.

ಇಂಥ ಕಾಲೇಜುಗಳಲ್ಲಿ ಚಾರ್ಟು ಬರೆಯುತ್ತ, ಪಾಠಯೋಜನೆಗೆ ಸಹಿ ಹಾಕಿಸಿಕೊಳ್ಳುತ್ತ ಓಡಾಡುವ ಪ್ರಶಿಕ್ಷಣಾರ್ಥಿಗಳು ತಾವು ಸೇರಲಿರುವ ವೃತ್ತಿಯನ್ನು ಹೇಗೆ ಕಾಣುತ್ತಾರೆ? ಒಲಿದು ಬಂದವರೆಷ್ಟು, ಬೇರೆ ದಾರಿ ಕಾಣದೆ ಬಂದವರೆಷ್ಟು? ಬಂದಾಗಿನ ಮನಸ್ಸು ಹೊರಡುವಾಗ ಏನಾಗಿರುತ್ತದೆ? ಕೇಳಲು ಸರಳವಾದ ಈ ಪ್ರಶ್ನೆಗೆ ಇನ್ನೂರು ವರ್ಷಗಳಿಂದ ಆಡಳಿತಗಾರರು, ಮನಶ್ಶಾಸ್ತ್ರಜ್ಞರು, ಸಮಾಜಶಾಸ್ತ್ರಜ್ಞರು ಬೇರೆಬೇರೆ ಉತ್ತರ ಕೊಡುತ್ತಲೇ ಬಂದಿದ್ದಾರೆ. ಆ ಉತ್ತರಗಳನ್ನು ಒಂದೆಡೆ ಇಟ್ಟು ನೋಡುವುದು ಈ ಲೇಖನದ ಕೆಲಸ. ನನ್ನ ಒಲವು ಎತ್ತ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನ ಬೆಂಚಿನ ಮೇಲೆ ಕೂರಿಸಿ ಅಳೆಯುವ ಮನೋಭಾವಕ್ಕಿಂತ, ಆ ಬೆಂಚಿನಾಚೆ ಅವರಿಗಾಗಿ ಕಾದಿರುವ ಕೆಲಸದ ಸ್ಥಿತಿಯೇ ಹೆಚ್ಚು ಹೇಳುತ್ತದೆ.

ಆರೇಳು ರೂಪಾಯಿಯ ಉಪಾಧ್ಯಾಯ

ಚರ್ಚೆ ಶುರುವಾಗುವುದು ಮದರಾಸಿನಲ್ಲೇ. 18ನೆಯ ಶತಮಾನದ ಕೊನೆಯಲ್ಲಿ ಎಗ್ಮೋರಿನ ಸೈನಿಕರ ಅನಾಥಾಲಯದಲ್ಲಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಊರಿನ ಜಗುಲಿ ಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು, ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವುದನ್ನು ಕಂಡ. ಅದನ್ನೇ ಒಂದು ಪದ್ಧತಿಯಾಗಿ ಕಟ್ಟಿ 1797ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಲ್ಲಿ ಅದು ಹಬ್ಬಿತು. ಅಗ್ಗ, ವೇಗ, ಒಬ್ಬ ಮೇಷ್ಟ್ರಿಗೆ ನೂರಾರು ಮಕ್ಕಳು. ಕಲಿಸುವುದು ಸ್ವಲ್ಪ ಮುಂದೆ ಓದಿದ ಯಾರಾದರೂ ಮಾಡಬಹುದಾದ ಕೆಲಸ ಎಂಬ ಭಾವನೆಗೆ ಒಂದು ಶಾಸ್ತ್ರದ ಬಲ ಸಿಕ್ಕಿದ್ದೂ ಆಗಲೇ. ಇವತ್ತಿಗೂ ‘ಏನೂ ಆಗದಿದ್ದರೆ ಟೀಚರ್ ಆದರಾಯಿತು’ ಎನ್ನುವವರು ತಮಗೆ ಗೊತ್ತಿಲ್ಲದೆಯೇ ಬೆಲ್ ಮಹಾಶಯನ ಶಿಷ್ಯರು.

1822ರಲ್ಲಿ ಗವರ್ನರ್ ಥಾಮಸ್ ಮನ್ರೊ ಪ್ರಾಂತದ ಎಲ್ಲ ಕಲೆಕ್ಟರುಗಳಿಂದ ಊರಶಾಲೆಗಳ ವರದಿ ತರಿಸಿದ. ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಬರೆದ ವರದಿ ಇವುಗಳಲ್ಲೆಲ್ಲ ವಿವರವಾದದ್ದು. ಜಿಲ್ಲೆಯಲ್ಲಿ 533 ಶಾಲೆಗಳು, ಹೆಚ್ಚಿನವು ಕನ್ನಡ ಇಲ್ಲವೇ ತೆಲುಗಿನವು. ಜನ ಬಡವಾಗುತ್ತ ಹೋದಂತೆ ಮೇಷ್ಟ್ರ ಹೊಟ್ಟೆಪಾಡೂ ಬಡವಾಗಿತ್ತು. ಎಲ್ಲವನ್ನೂ ಓದಿ 1826ರಲ್ಲಿ ಮನ್ರೊ ಬರೆದ ಟಿಪ್ಪಣಿಯಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಮಾತಿದೆ. ಊರಶಾಲೆಯ ಉಪಾಧ್ಯಾಯನಿಗೆ ತಿಂಗಳಿಗೆ ಆರೇಳು ರೂಪಾಯಿ ಗಿಟ್ಟುತ್ತದೆ, ಇಷ್ಟಕ್ಕೆ ಯೋಗ್ಯರು ಈ ಕಡೆ ಸುಳಿಯುವುದಿಲ್ಲ ಎಂದು ಅವನು ಗುರುತಿಸಿದ. ಮದರಾಸಿನಲ್ಲಿ ಶಿಕ್ಷಕರನ್ನು ತಯಾರಿಸುವ ಒಂದು ಕೇಂದ್ರ ಶಾಲೆ, ಜಿಲ್ಲಾ ಶಾಲೆಯ ಮೇಷ್ಟ್ರಿಗೆ 15 ರೂಪಾಯಿ, ತಾಲ್ಲೂಕು ಶಾಲೆಯವನಿಗೆ 9 ರೂಪಾಯಿ ಎಂದು ಲೆಕ್ಕ ಹಾಕಿದ. ಮರುವರ್ಷವೇ ಅವನು ಕಾಲರಾಕ್ಕೆ ತುತ್ತಾದ, ಯೋಜನೆ ಸೊರಗಿತು. ಆದರೂ ಸಂಬಳ ಮೊದಲು, ಮನೋಭಾವ ಆಮೇಲೆ ಎಂಬ ವಾದವನ್ನು ಇಷ್ಟು ಬಿಚ್ಚಿ ಹೇಳಿದ ಸರ್ಕಾರಿ ಕಾಗದಗಳು ಮುಂದೆಯೂ ಹೆಚ್ಚು ಬರಲಿಲ್ಲ.

1854ರ ವುಡ್ ಆಜ್ಞಾಪತ್ರದ ನಂತರ ನಾರ್ಮಲ್ ಸ್ಕೂಲುಗಳು ಹುಟ್ಟಿದವು. ಮದರಾಸಿನದು ಒಂದಾದರೆ ಧಾರವಾಡದ್ದು ಇನ್ನೊಂದು; ಅಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಿಕ್ಷಕರನ್ನು ತಯಾರಿಸುವ ಕೆಲಸಕ್ಕೆ ನಿಂತರು. ಕಲಿಯುವವರಿಗೆ ವಿದ್ಯಾರ್ಥಿವೇತನ ಕೊಟ್ಟು ಕರೆದು ತರಬೇಕಾದ ಕಾಲ ಅದು. ಬಡವರ ಮಕ್ಕಳು ಬಂದರು, ಉಳ್ಳವರ ಮಕ್ಕಳು ಕಚೇರಿಯ ಗುಮಾಸ್ತಿಕೆ, ವಕೀಲಿಕೆ ಹಿಡಿದರು.

ಆದರೆ ಇದೇ ಕೆಲಸ ಎಲ್ಲರಿಗೂ ಕೊನೆಯ ಆಯ್ಕೆಯಾಗಿರಲಿಲ್ಲ ಎನ್ನುವುದಕ್ಕೆ ಮದರಾಸಿನ ಕಡಲತೀರದಲ್ಲೇ ಸಾಕ್ಷಿಯಿದೆ. ಬಾಲವಿಧವೆಯಾಗಿದ್ದ ಸಿಸ್ಟರ್ ಸುಬ್ಬಲಕ್ಷ್ಮಿ ಪದವಿ ಪಡೆದು, ತಮ್ಮಂಥ ಬಾಲವಿಧವೆಯರಿಗಾಗಿ ಆಶ್ರಯಧಾಮ ಕಟ್ಟಿದರು. ಐಸ್ ಹೌಸ್ ಕಟ್ಟಡದಲ್ಲಿ ನಡೆದ ಆ ಧಾಮದ ಹುಡುಗಿಯರು ಓದಿ ಶಿಕ್ಷಕಿಯರಾದರು. 1922ರಲ್ಲಿ ಲೇಡಿ ವಿಲ್ಲಿಂಗ್ಡನ್ ಶುರುವಾದಾಗ ಅಲ್ಲಿಯ ಅಭ್ಯಾಸಶಾಲೆಯ ಮುಖ್ಯೋಪಾಧ್ಯಾಯಿನಿಯೂ ಅವರೇ. ಕೇಶಮುಂಡನ ಮಾಡಿಸಿಕೊಂಡು ಅಡುಗೆಮನೆಯ ಮೂಲೆ ಸೇರಬೇಕಿದ್ದ ಹುಡುಗಿಗೆ ತಿಂಗಳ ಸಂಬಳದ ಶಿಕ್ಷಕಿ ಹುದ್ದೆ ಎಂದರೆ ಏನೆಂದು ಮನ್ರೊನ ಲೆಕ್ಕದಿಂದ ತಿಳಿಯುವುದಿಲ್ಲ. ಗಂಡಸರು ಮೆಟ್ಟಿಲ ಕೆಳಗೆ ಇಟ್ಟ ಕೆಲಸವೇ ಇವರಿಗೆ ಮೊದಲ ಮೆಟ್ಟಿಲು. ವೃತ್ತಿಯ ಬಗೆಗಿನ ಮನೋಭಾವ ಯಾರದ್ದು ಎಂದು ಮೊದಲು ಕೇಳಬೇಕು ಎನ್ನುವುದು ಇಲ್ಲಿಂದಲೇ ಸ್ಪಷ್ಟ.

ಸೈದಾಪೇಟೆಯಲ್ಲಿ 1910ರಲ್ಲಿ ತರಬೇತಿಗೆ ಕುಳಿತವರಲ್ಲಿ ಸರ್ವೇಪಲ್ಲಿ ರಾಧಾಕೃಷ್ಣನ್ ಕೂಡ ಒಬ್ಬರು. ಹಿಂದಿನ ವರ್ಷವಷ್ಟೇ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ್ದ, ಆಗಲೇ ಮದುವೆಯಾಗಿದ್ದ ತರುಣ. ತತ್ತ್ವಶಾಸ್ತ್ರ ಓದಿದ್ದೇ ಆಕಸ್ಮಿಕ: ನೆಂಟರೊಬ್ಬರು ಓದಿ ಮುಗಿಸಿದ ಪಠ್ಯಪುಸ್ತಕಗಳು ಕೈಗೆ ಬಂದಿದ್ದವು. 1918ರಿಂದ ಮೂರು ವರ್ಷ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಗಾಡಿಗೆ ಹೂ ಮುಡಿಸಿ ತಾವೇ ನಿಲ್ದಾಣದವರೆಗೆ ಎಳೆದರು. ಯಾರ ಹುಟ್ಟುಹಬ್ಬವನ್ನು 1962ರಿಂದ ಶಿಕ್ಷಕರ ದಿನವೆಂದು ಆಚರಿಸುತ್ತೇವೋ ಅವರೂ ಸಂಸಾರಕ್ಕೆ ಸಂಬಳ ಬೇಕಾಗಿದ್ದಾಗ, ಸೇವಾ ನಿಯಮ ಕೇಳಿದ್ದಕ್ಕೆ ತರಬೇತಿಗೆ ಬಂದವರು. ಸೆಪ್ಟೆಂಬರ್ 5ರ ಭಾಷಣಗಳಲ್ಲಿ ಈ ಭಾಗ ಕೇಳಿಬರುವುದಿಲ್ಲ.

ಸ್ಟುಡಿಯೊಗಳ ಪಾಲನ್ನೂ ಇಲ್ಲಿಯೇ ಹೇಳಬೇಕು. ಮದರಾಸನ್ನು ನೆಲೆ ಮಾಡಿಕೊಂಡಿದ್ದ ಬಿ.ಆರ್. ಪಂತುಲು 1958ರಲ್ಲಿ ‘ಸ್ಕೂಲ್ ಮಾಸ್ಟರ್’ ತೆಗೆದರು. ಮಕ್ಕಳಿಂದಲೇ ಕಡೆಗಣಿಸಲ್ಪಟ್ಟ ಮುದಿ ಮೇಷ್ಟ್ರನ್ನು ಹಳೆಯ ಶಿಷ್ಯ ಕೈಹಿಡಿಯುವ ಕಥೆ ತಮಿಳು, ತೆಲುಗು, ಹಿಂದಿಗೂ ಹೋಯಿತು. 1972ರ ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರು ಕನ್ನಡದ ಮನೆಮಾತಾದರು. ನೋಡುವವರ ಕಣ್ಣು ತೇವವಾಯಿತು, ನಿಜ. ಆದರೆ ಎರಡರಲ್ಲೂ ಮೇಷ್ಟ್ರಿಗೆ ಸಿಕ್ಕುವ ಗೌರವದಲ್ಲಿ ಕನಿಕರ ಬೆರೆತಿದೆ. ಎಷ್ಟೋ ಪ್ರಶಿಕ್ಷಣಾರ್ಥಿಗಳು ಕಾಲೇಜಿಗೆ ಬರುವಾಗ ಹೊತ್ತು ತರುವ ಚಿತ್ರವೂ ಇದೇ: ಕೈಮುಗಿಯಬೇಕಾದವರು, ಆದರೆ ನಮ್ಮ ಮನೆಯ ಹುಡುಗ ಆಗಬಾರದವರು.

ಐದು ಚೌಕಗಳ ಶಾಸ್ತ್ರ

20ನೆಯ ಶತಮಾನದಲ್ಲಿ ಪ್ರಶ್ನೆ ಮನಶ್ಶಾಸ್ತ್ರದ ಕೈಗೆ ಬಂತು. ಮನೋಭಾವವನ್ನು ಅಳೆಯಬಹುದು ಎಂದು ಥರ್ಸ್ಟನ್ 1928ರಲ್ಲಿ ವಾದಿಸಿದರು. 1932ರಲ್ಲಿ ಲಿಕರ್ಟ್ ‘ಪೂರ್ಣ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗಿನ ಐದು ಹಂತದ ಸುಲಭ ವಿಧಾನ ಕೊಟ್ಟರು. 1951ರಲ್ಲಿ ಅಮೆರಿಕದ ಮಿನ್ನೆಸೋಟದಿಂದ ಶಿಕ್ಷಕರಿಗೆಂದೇ ಒಂದು ಮನೋಭಾವ ಪಟ್ಟಿ ಬಂತು. ನಮ್ಮಲ್ಲಿ ಎಸ್.ಪಿ. ಅಹ್ಲುವಾಲಿಯಾ ಅವರ ಪಟ್ಟಿ ಹೆಚ್ಚು ಬಳಕೆಯಾಯಿತು. ಅದರಲ್ಲಿ 90 ಹೇಳಿಕೆಗಳು, ಆರು ವಿಭಾಗಗಳು: ವೃತ್ತಿ, ತರಗತಿ ಬೋಧನೆ, ಶಿಶುಕೇಂದ್ರಿತ ಕ್ರಮ, ಶಿಕ್ಷಣ ಪ್ರಕ್ರಿಯೆ, ವಿದ್ಯಾರ್ಥಿಗಳು, ಸಹಶಿಕ್ಷಕರು. ಉಮ್ಮೆ ಕುಲಸುಂ ಅವರ ವೃತ್ತಿ ಮನೋಭಾವ ಮಾಪಕವೂ ಎಂ.ಎಡ್. ವಿದ್ಯಾರ್ಥಿಗಳಿಗೆ ಚಿರಪರಿಚಿತ.

ಈ ಅಳತೆಗೋಲುಗಳಿಂದ ಹುಟ್ಟಿದ ಪ್ರಬಂಧಗಳಿಗೆ ಲೆಕ್ಕವಿಲ್ಲ. ಗಂಡು-ಹೆಣ್ಣು, ಹಳ್ಳಿ-ಪಟ್ಟಣ, ಕಲೆ-ವಿಜ್ಞಾನ, ಸರ್ಕಾರಿ-ಖಾಸಗಿ ಎಂದು ಗುಂಪು ಮಾಡಿ ಸರಾಸರಿ ಹೋಲಿಸುವುದು ಅವುಗಳ ಕ್ರಮ. ಹೆಣ್ಣುಮಕ್ಕಳ ಮನೋಭಾವ ತುಸು ಹೆಚ್ಚು ಅನುಕೂಲಕರ ಎಂಬ ಫಲಿತಾಂಶ ಮತ್ತೆಮತ್ತೆ ಬರುತ್ತದೆ. ಹಳ್ಳಿ-ಪಟ್ಟಣದ ವಿಷಯದಲ್ಲಿ ಒಂದು ಪ್ರಬಂಧ ಪೂರ್ವಕ್ಕೆ ಹೋದರೆ ಇನ್ನೊಂದು ಪಶ್ಚಿಮಕ್ಕೆ. ಒಟ್ಟಾರೆ ಮನೋಭಾವ ‘ಅನುಕೂಲಕರ’ ಎನ್ನುವ ತೀರ್ಮಾನವಂತೂ ಓದುವ ಮೊದಲೇ ಊಹಿಸಬಹುದಾದದ್ದು.

ಅದು ಯಾಕೆ ಹಾಗೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ಪ್ರಶ್ನಾವಳಿ ಹಂಚುವವರು ಅದೇ ಕಾಲೇಜಿನ ಉಪನ್ಯಾಸಕರು ಅಥವಾ ಅವರ ಪರಿಚಯದವರು. ಆಂತರಿಕ ಅಂಕ ಅವರ ಕೈಯಲ್ಲಿ. ‘ಬೋಧನೆ ಪವಿತ್ರ ವೃತ್ತಿ’ ಎಂಬಂಥ ಹೇಳಿಕೆಯ ಮುಂದೆ ಯಾವ ಹುಡುಗಿ ‘ಒಪ್ಪುವುದಿಲ್ಲ’ ಎಂದು ಗುರುತು ಹಾಕುತ್ತಾಳೆ? ಹೇಳುವುದಕ್ಕೂ ಮಾಡುವುದಕ್ಕೂ ಇರುವ ಅಂತರವನ್ನು 1934ರಲ್ಲೇ ಅಮೆರಿಕದ ಲಾಪಿಯರ್ ತೋರಿಸಿದ್ದರು. ಚೀನೀ ದಂಪತಿಯೊಂದಿಗೆ ಅವರು 251 ಹೋಟೆಲು, ವಸತಿಗೃಹಗಳಿಗೆ ಹೋದರೆ ಒಂದೇ ಕಡೆ ಪ್ರವೇಶ ಇಲ್ಲವೆಂದರು. ಆಮೇಲೆ ಪತ್ರ ಬರೆದು ಕೇಳಿದಾಗ ಉತ್ತರಿಸಿದವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಚೀನೀಯರಿಗೆ ಜಾಗವಿಲ್ಲ ಎಂದಿದ್ದರು. ಅಲ್ಲಿ ಕಾಗದ ಕಠಿಣ, ನಡತೆ ಮೃದು. ನಮ್ಮ ಬಿ.ಎಡ್. ಕಾಲೇಜುಗಳಲ್ಲಿ ಇದು ತಿರುಗುಮುರುಗಾಗಿರಲೂ ಸಾಕು.

ಹಾಗೆಂದು ಈ ಪಂಥವನ್ನು ತಳ್ಳಿಹಾಕುವುದು ಅನ್ಯಾಯ. ಒಂದೇ ಗುಂಪಿಗೆ ತರಬೇತಿಯ ಆರಂಭದಲ್ಲೂ ಕೊನೆಯಲ್ಲೂ ಅದೇ ಪ್ರಶ್ನೆ ಕೇಳಿದರೆ ಬದಲಾವಣೆಯ ದಿಕ್ಕಾದರೂ ತಿಳಿಯುತ್ತದೆ. ಹೆಚ್ಚಿನ ಪ್ರಬಂಧಗಳು ಅಷ್ಟನ್ನೂ ಮಾಡದೆ ಒಂದು ದಿನದ ಮಧ್ಯಾಹ್ನದಲ್ಲಿ ಕೆಲಸ ಮುಗಿಸುತ್ತವೆ ಎನ್ನುವುದು ಬೇರೆ ಮಾತು.

ಯಾಕೆ ಬಂದಿರಿ?

ಎರಡನೆಯ ಪಂಥ ಮನೋಭಾವದ ಬದಲು ಕಾರಣ ಕೇಳುತ್ತದೆ. 1975ರಲ್ಲಿ ಡಾನ್ ಲಾರ್ಟಿ ಅಮೆರಿಕದ ಶಾಲಾ ಶಿಕ್ಷಕರ ಬಗ್ಗೆ ಬರೆದ ಪುಸ್ತಕ ಈ ದಾರಿ ತೆರೆಯಿತು. ಮಕ್ಕಳ ಒಡನಾಟ, ಸೇವೆಯ ಹಂಬಲ, ಶಾಲೆಯೆಂಬ ಜಾಗದ ಮೇಲಿನ ಪ್ರೀತಿ, ಸಂಬಳ-ಭದ್ರತೆ, ಹೊಂದುವ ವೇಳಾಪಟ್ಟಿ ಎಂದು ಅವರು ಐದು ಸೆಳೆತಗಳನ್ನು ಗುರುತಿಸಿದರು. ಮುಂದೆ ಬಂದವರು ಇವನ್ನು ಒಳಗಿನ ಒಲವು, ಪರಹಿತ, ಹೊರಗಿನ ಲಾಭ ಎಂಬ ಮೂರು ಗಂಟು ಮಾಡಿದರು. 2007ರಲ್ಲಿ ಆಸ್ಟ್ರೇಲಿಯಾದ ಹೆಲೆನ್ ವಾಟ್ ಮತ್ತು ಪಾಲ್ ರಿಚರ್ಡ್‌ಸನ್ ರೂಪಿಸಿದ ಮಾಪಕ ‘ಬೇರೇನೂ ಸಿಗದ್ದರಿಂದ ಬಂದೆ’ ಎಂಬುದಕ್ಕೂ ಒಂದು ಜಾಗ ಕೊಟ್ಟಿತು.

ಚೆನ್ನೈಗಾಗಲಿ ಕರ್ನಾಟಕಕ್ಕಾಗಲಿ ಈ ಗಂಟುಗಳನ್ನು ಹಾಗೆಯೇ ತಂದರೆ ತೊಡಕಾಗುತ್ತದೆ. ‘ಬಿ.ಎಡ್. ಒಂದು ಮಾಡಿಟ್ಟುಕೋ, ಮುಂದೆ ಉಪಯೋಗಕ್ಕೆ ಬರುತ್ತೆ’ ಎಂದು ಅಪ್ಪ, ಅತ್ತೆ, ಸೋದರಮಾವ ಎಲ್ಲರೂ ಸೇರಿ ಹೇಳುವ ಮನೆಯಲ್ಲಿ ಆಯ್ಕೆ ಮಾಡಿದವರು ಯಾರು? ಮದುವೆಯ ಮಾತುಕತೆಯಲ್ಲಿ ‘ಹುಡುಗಿ ಟೀಚರ್, ನಾಲ್ಕು ಗಂಟೆಗೆ ಮನೆಗೆ ಬಂದುಬಿಡ್ತಾಳೆ’ ಎನ್ನುವುದು ಅರ್ಹತೆಯ ಪಟ್ಟಿಯಲ್ಲಿ ಮೇಲೆಯೇ ಇರುತ್ತದೆ. ಇದು ಒಲವೂ ಹೌದು, ಒತ್ತಾಯವೂ ಹೌದು. ಇನ್ನೊಂದು ಕಡೆ, ಮನೆಯಲ್ಲಿ ಮೊದಲ ಬಾರಿಗೆ ಅಕ್ಷರ ಕಲಿತ ದಲಿತ ಅಥವಾ ಹಿಂದುಳಿದ ಕುಟುಂಬದ ಹುಡುಗನಿಗೆ ಸರ್ಕಾರಿ ಶಿಕ್ಷಕನ ನೇಮಕಾತಿ ಪತ್ರ ಎಂದರೆ ಊರಿನಲ್ಲಿ ತಲೆಯೆತ್ತಿ ನಡೆಯುವ ಹಕ್ಕು. ಪಾಶ್ಚಾತ್ಯ ಮಾಪಕದಲ್ಲಿ ಇವನು ‘ಹೊರಗಿನ ಲಾಭಕ್ಕೆ ಬಂದವ’. ಸಂಬಳವನ್ನು ಹೀಗೆ ಕೀಳು ಪ್ರೇರಣೆ ಎಂದು ನೋಡುವ ಅಭ್ಯಾಸ ಸಂಬಳದ ಚಿಂತೆ ಇಲ್ಲದವರದು ಎಂದು ನನಗೆ ಅನ್ನಿಸುತ್ತದೆ.

ಕರ್ನಾಟಕದ ಉದಾಹರಣೆ ನೋಡಿ. 1990ರ ದಶಕದ ಉತ್ತರಾರ್ಧದಲ್ಲಿ ಶಿಕ್ಷಣ ಸಚಿವರಾಗಿದ್ದ ಎಚ್.ಜಿ. ಗೋವಿಂದೇಗೌಡರ ಕಾಲದಲ್ಲಿ, ಲಂಚ-ಶಿಫಾರಸು ಇಲ್ಲದೆ ಅಂಕದ ಆಧಾರದ ಮೇಲೆ ಸುಮಾರು ಒಂದು ಲಕ್ಷ ಶಿಕ್ಷಕರ ನೇಮಕ ಆಯಿತೆಂದು ಈಗಲೂ ಹಳ್ಳಿಗಳಲ್ಲಿ ನೆನೆಯುತ್ತಾರೆ. ಆ ವರ್ಷಗಳಲ್ಲಿ ಟಿ.ಸಿ.ಎಚ್. ಎಂಬ ಪ್ರಾಥಮಿಕ ಶಿಕ್ಷಕ ತರಬೇತಿಯ ಸೀಟಿಗೆ ಪೈಪೋಟಿ, ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದವರೂ ಅತ್ತಲೇ ಮುಖ ಮಾಡಿದರು. ನೇಮಕಾತಿ ನಿಧಾನವಾಗುತ್ತಿದ್ದಂತೆ, ಅದರ ಜಾಗಕ್ಕೆ ಬಂದ ಡಿ.ಎಡ್. ಕಾಲೇಜುಗಳಲ್ಲಿ ಸೀಟುಗಳು ಖಾಲಿ ಉಳಿದವು, ಎಷ್ಟೋ ಬಾಗಿಲು ಹಾಕಿದವು. ತಮಿಳುನಾಡಿನಲ್ಲೂ ಶಿಕ್ಷಕ ಡಿಪ್ಲೊಮಾ ಸಂಸ್ಥೆಗಳ ಕಥೆ ಇದೇ. ಹತ್ತು-ಹದಿನೈದು ವರ್ಷಗಳಲ್ಲಿ ಒಂದಿಡೀ ಪೀಳಿಗೆಯ ‘ಒಳಗಿನ ಒಲವು’ ಬತ್ತಿಹೋಯಿತೆಂದು ನಂಬುವುದು ಕಷ್ಟ. ಬತ್ತಿದ್ದು ಹುದ್ದೆ. ಜೊತೆಗೆ ಪಿಂಚಣಿ: ತಮಿಳುನಾಡಿನಲ್ಲಿ 2003ರ ಏಪ್ರಿಲ್‌ನಿಂದ, ಕರ್ನಾಟಕದಲ್ಲಿ 2006ರ ಏಪ್ರಿಲ್‌ನಿಂದ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ. ‘ಸರ್ಕಾರಿ ಮೇಷ್ಟ್ರು’ ಎಂಬ ಪದಕ್ಕಿದ್ದ ತೂಕದಲ್ಲಿ ಅದರದ್ದೂ ಒಂದು ಪಾಲಿತ್ತು.

ಹನ್ನೆರಡು ವರ್ಷ ನೋಡಿ ಕಲಿತದ್ದು

ಲಾರ್ಟಿ ಹೇಳಿದ ಇನ್ನೊಂದು ಮಾತು ಮೂರನೆಯ ಪಂಥಕ್ಕೆ ಬೀಜವಾಯಿತು. ವೈದ್ಯಕೀಯಕ್ಕೆ ಸೇರುವವನು ಶಸ್ತ್ರಚಿಕಿತ್ಸೆ ನೋಡಿರುವುದಿಲ್ಲ. ಶಿಕ್ಷಕನಾಗಲು ಬರುವವನು ಹನ್ನೆರಡು-ಹದಿನೈದು ವರ್ಷ ಶಿಕ್ಷಕರನ್ನು ನೋಡುತ್ತಲೇ ಕುಳಿತಿರುತ್ತಾನೆ. ಮೇಷ್ಟ್ರು ಎಂದರೆ ಯಾರು, ಪಾಠ ಎಂದರೆ ಏನು, ಬೆತ್ತ ಎಲ್ಲಿರಬೇಕು ಎಂಬುದೆಲ್ಲ ಆಗಲೇ ಒಳಗೆ ಇಳಿದಿರುತ್ತದೆ. ಅದರ ಮೇಲೆ ಒಂದೆರಡು ವರ್ಷದ ತರಬೇತಿ ತೆಳ್ಳಗಿನ ಸುಣ್ಣ ಬಳಿದಂತೆ, ಮಳೆ ಬಿದ್ದರೆ ಹಳೆಯ ಗೋಡೆಯೇ ಕಾಣುತ್ತದೆ. 1981ರಲ್ಲಿ ಜೈಕ್ನರ್ ಮತ್ತು ತಬಾಕ್ನಿಕ್ ಕೇಳಿದ್ದೂ ಅದನ್ನೇ: ಕಾಲೇಜು ಬೆಳೆಸಿದ ಉದಾರ ವಿಚಾರಗಳನ್ನು ಶಾಲೆ ತೊಳೆದುಹಾಕುತ್ತದೆಯೋ, ಅಥವಾ ಅವು ಮೊದಲೇ ಗಟ್ಟಿಯಾಗಿ ಅಂಟಿರಲಿಲ್ಲವೋ?

ಫ್ರಾನ್ಸಿಸ್ ಫುಲ್ಲರ್ 1969ರಲ್ಲಿ ಇದಕ್ಕೊಂದು ಕಾಲಕ್ರಮ ಕೊಟ್ಟರು. ಮೊದಲ ಚಿಂತೆ ತನ್ನ ಬಗ್ಗೆ: ಮಕ್ಕಳು ನನ್ನ ಮಾತು ಕೇಳುತ್ತಾರಾ, ಪರಿವೀಕ್ಷಕರು ಏನೆನ್ನುತ್ತಾರೆ? ನಂತರದ್ದು ಕೆಲಸದ ಬಗ್ಗೆ, ಕೊನೆಗೆ ಮಕ್ಕಳ ಕಲಿಕೆಯ ಬಗ್ಗೆ. 1984ರಲ್ಲಿ ವೀನ್‌ಮನ್ ಹಲವು ದೇಶಗಳ ಅಧ್ಯಯನ ಒಟ್ಟುಮಾಡಿ, ಮೊದಲ ವರ್ಷದ ಶಿಕ್ಷಕರಿಗೆ ವಾಸ್ತವದ ಪೆಟ್ಟು ಎಷ್ಟು ಜೋರಾಗಿ ಬೀಳುತ್ತದೆಂದು ತೋರಿಸಿದರು.

ನಮ್ಮ ಬೋಧನಾಭ್ಯಾಸ ಬಲ್ಲವರಿಗೆ ಫುಲ್ಲರ್ ಹೇಳಿದ್ದು ಹೊಸದೆನಿಸದು. ಒಂದು ಕಾಲಕ್ಕೆ 40 ಪಾಠ ಒಪ್ಪಿಸಿದರೆ ಮುಗಿಯಿತು. ಉದ್ದೇಶ, ಕಲಿಕೋಪಕರಣ, ಬೋಧನಾ ಹಂತ, ಮೌಲ್ಯಮಾಪನ ಎಂದು ಗೆರೆ ಹೊಡೆದ ಪುಟ ತುಂಬಿಸುವುದರಲ್ಲೇ ರಾತ್ರಿ ಕಳೆಯುತ್ತಿತ್ತು. ಹಿಂದಿನ ಸಾಲಿನ ಮಕ್ಕಳಿಗೆ ‘ಇವತ್ತು ಬಿ.ಎಡ್. ಮಿಸ್ ಬರ್ತಾರೆ’ ಎಂದರೆ ಅರ್ಧ ರಜೆ. ಶಿಕ್ಷಕ ತರಬೇತಿಯ 2014ರ ರಾಷ್ಟ್ರೀಯ ನಿಯಮಾವಳಿ ಬಿ.ಎಡ್. ಅನ್ನು ಎರಡು ವರ್ಷಕ್ಕೆ ಹಿಗ್ಗಿಸಿ, ಶಾಲೆಯಲ್ಲಿ 20 ವಾರ ಕಳೆಯುವಂತೆ ಮಾಡಿತು. ಶಾಲೆಗಳು ಬಂದವರನ್ನು ಕಲಿಯುವವರೆಂದು ಕಾಣದೆ, ರಜೆಯಲ್ಲಿರುವ ಶಿಕ್ಷಕರ ಜಾಗಕ್ಕೆ ಸಿಕ್ಕ ಬದಲಿ ಎಂದು ಬಳಸಿಕೊಂಡರೆ ಆ 20 ವಾರ ಯಾವ ಮನೋಭಾವ ಬೆಳೆಸೀತು?

ಕೆಲಸ ಕೈಗೂಡಿದ ಮೇಲೆ

ಮನಸ್ಸು ಬದಲಾದರೆ ಕೆಲಸ ಬದಲಾಗುತ್ತದೆ ಎಂಬುದು ಎಲ್ಲ ತರಬೇತಿಗಳ ನಂಬಿಕೆ. 1986ರಲ್ಲಿ ಥಾಮಸ್ ಗಸ್ಕಿ ಇದನ್ನು ತಲೆಕೆಳಗು ಮಾಡಿದರು. ಶಿಕ್ಷಕ ಹೊಸ ವಿಧಾನವೊಂದನ್ನು ಮೊದಲು ಮಾಡಿ ನೋಡುತ್ತಾನೆ, ಮಕ್ಕಳು ಕಲಿಯುವುದು ಕಣ್ಣಿಗೆ ಬೀಳುತ್ತದೆ, ಆಮೇಲೆ ನಂಬುತ್ತಾನೆ.

ಇದಕ್ಕೆ ನಮ್ಮಲ್ಲೇ ಗಟ್ಟಿ ಉದಾಹರಣೆ ಎಚ್.ಡಿ. ಕೋಟೆ. ಅಲ್ಲಿಯ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಬಹುತರಗತಿ ಬೋಧನೆಯನ್ನು ಕಣ್ಣಾರೆ ಕಂಡು ಬಂದರು. 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಅವರು ಕಾರ್ಡು, ಕಲಿಕೆಯ ಏಣಿ, ಹಾಡು, ಆಟಗಳನ್ನು ತಮ್ಮ ಮಕ್ಕಳಿಗೆ ತಕ್ಕಂತೆ ಕಟ್ಟಿಕೊಂಡರು, ನಲಿ-ಕಲಿ ಹುಟ್ಟಿತು. ಕುರ್ಚಿ ಬಿಟ್ಟು ಮಕ್ಕಳ ನಡುವೆ ನೆಲದ ಮೇಲೆ ಕೂರುವುದನ್ನು ಯಾವ ಉಪನ್ಯಾಸವೂ ಕಲಿಸಿರಲಿಲ್ಲ. 2003ರಿಂದ ಚೆನ್ನೈ ಕಾರ್ಪೊರೇಷನ್ ಶಾಲೆಗಳಲ್ಲಿ ಬಂದ ಚಟುವಟಿಕೆ ಆಧಾರಿತ ಕಲಿಕೆಯ ಬೇರೂ ರಿಷಿ ವ್ಯಾಲಿಯೇ. ಆಗ ಕಾರ್ಪೊರೇಷನ್ ಕಮಿಷನರ್ ಆಗಿದ್ದ ಎಂ.ಪಿ. ವಿಜಯಕುಮಾರ್ ಅದರ ಹಿಂದಿದ್ದರು, ಮುಂದೆ ಅದು ರಾಜ್ಯಕ್ಕೇ ವಿಸ್ತರಿಸಿತು.

ನನಗೆ ಹೆಚ್ಚು ಒಪ್ಪಿಗೆಯಾಗುವುದು ಈ ನಾಲ್ಕನೆಯ ಪಂಥ, ಆದರೆ ಇದರ ಮಿತಿಯನ್ನೂ ಮುಚ್ಚಿಡಬಾರದು. ಕೋಟೆಯ ಶಿಕ್ಷಕರು ಕಾಯಂ ಸಂಬಳದವರು. ತಾವೇ ಕಂಡು, ತಾವೇ ಕಟ್ಟಿದವರು. ಅದೇ ವಿಧಾನ ಸುತ್ತೋಲೆಯಾಗಿ ರಾಜ್ಯದ ಮೂಲೆಮೂಲೆಗೆ ಹೋದಾಗ ಅದೇ ಉತ್ಸಾಹ ಎಲ್ಲೆಡೆ ಕಾಣಲಿಲ್ಲ. ಇನ್ನೂ ಶಾಲೆಯೇ ಸಿಗದ ಪ್ರಶಿಕ್ಷಣಾರ್ಥಿಗೆ ‘ಮೊದಲು ಮಾಡಿ ನೋಡು’ ಎಂದರೆ ಎಲ್ಲಿ ಮಾಡಬೇಕು ಎನ್ನುವುದೂ ಉಳಿಯುತ್ತದೆ.

ಅಧಿಕಾರವಿಲ್ಲದ ಗುರು

ಐದನೆಯ ಪಂಥದವರಿಗೆ ಈ ಮನಶ್ಶಾಸ್ತ್ರವೆಲ್ಲ ಅರ್ಧ ಸತ್ಯ. ವಸಾಹತು ಆಡಳಿತ ಮೇಷ್ಟ್ರನ್ನು ಇಲಾಖೆಯ ಕೆಳತುದಿಯ ನೌಕರನನ್ನಾಗಿ ಮಾಡಿತು. ಪಠ್ಯ, ಪರೀಕ್ಷೆ ಯಾವುದರ ಮೇಲೂ ಅವನಿಗೆ ಹಿಡಿತವಿಲ್ಲ, ಹಾಗಾಗಿ ಹೊರಗೆ ಹೆದರುವವನು ತರಗತಿಯೊಳಗೆ ಸರ್ವಾಧಿಕಾರಿ ಎಂದು ಕೃಷ್ಣಕುಮಾರ್ 1991ರ ತಮ್ಮ ಪುಸ್ತಕದಲ್ಲಿ ವಾದಿಸಿದರು. 2005ರಲ್ಲಿ ಪೂನಂ ಬಾತ್ರಾ ಶಿಕ್ಷಕರ ದನಿ ಮತ್ತು ಕರ್ತೃತ್ವದ ಪ್ರಶ್ನೆ ಎತ್ತಿದರು: ಪಠ್ಯಕ್ರಮ ಸುಧಾರಣೆಯ ಮಾತಿನಲ್ಲಿ ಶಿಕ್ಷಕನ ಸಿದ್ಧತೆಯೇ ಮರೆತುಹೋಗಿದೆ ಎಂದು.

ಇದಕ್ಕೆ ಸಂತೆಯ ಕಥೆಯನ್ನೂ ಸೇರಿಸಬೇಕು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟಾಗ ದೇಶದ ಶಿಕ್ಷಕ ತರಬೇತಿ ಬಹುಪಾಲು ಖಾಸಗಿಯವರ ಕೈಯಲ್ಲಿತ್ತು, ಗುಣಮಟ್ಟದ ಬಗ್ಗೆ ಆಯೋಗ ಕಳವಳ ಪಟ್ಟಿತು. ‘ಕಾಲೇಜಿಗೆ ಬರಬೇಕಿಲ್ಲ, ಪರೀಕ್ಷೆಗೆ ಬನ್ನಿ’ ಎನ್ನುವ ಬಿ.ಎಡ್. ಎಲ್ಲಿ ಸಿಗುತ್ತದೆಂದು ನೇಮಕಾತಿಗೆ ಓದುವ ಹುಡುಗರಿಗೆ ಗೊತ್ತು. ಅದೇ ವರ್ಷದ ಜುಲೈನಲ್ಲಿ ತಮಿಳುನಾಡಿನ ಮೊದಲ ಶಿಕ್ಷಕ ಅರ್ಹತಾ ಪರೀಕ್ಷೆ ಬರೆದ ಲಕ್ಷಾಂತರ ಮಂದಿಯಲ್ಲಿ ಶೇ. 1ರಷ್ಟೂ ಪಾಸಾಗಲಿಲ್ಲ. ತರಬೇತಿ ಮುಗಿಸಿ ಪದವಿ ಪಡೆದವರಿಗೆ ‘ನೀವು ಅನರ್ಹರು’ ಎಂಬ ಉತ್ತರ ಒಂದೇ ದಿನ ಸಿಕ್ಕಿತು. ಅಕ್ಟೋಬರಿನಲ್ಲಿ ಮರುಪರೀಕ್ಷೆ ನಡೆಸಬೇಕಾಯಿತು.

ನಿಯಮಗಳೂ ಒಂದೆಡೆ ನಿಲ್ಲಲಿಲ್ಲ. 2018ರಲ್ಲಿ ಬಿ.ಎಡ್. ಆದವರೂ ಪ್ರಾಥಮಿಕ ಶಾಲೆಗೆ ಅರ್ಹರು ಎಂದರು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅಲ್ಲ ಎಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2030ರ ಹೊತ್ತಿಗೆ ನಾಲ್ಕು ವರ್ಷದ ಸಂಯೋಜಿತ ಪದವಿಯೇ ಕನಿಷ್ಠ ಅರ್ಹತೆ ಎಂದಿತು. 2025ರ ಕರಡು ನಿಯಮದಲ್ಲಿ ಒಂದು ವರ್ಷದ ಬಿ.ಎಡ್. ಮತ್ತೆ ಕಾಣಿಸಿಕೊಂಡಿತು. ಅದೇ ವರ್ಷದ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಸೇವಾನಿರತ ಶಿಕ್ಷಕರೂ ಅರ್ಹತಾ ಪರೀಕ್ಷೆ ಪಾಸಾಗಬೇಕೆಂದು ತೀರ್ಪು ಕೊಟ್ಟಿತು. ಹೀಗೆ ಕಾಲಡಿಯ ನೆಲ ಸರಿಯುತ್ತಿರುವಾಗ ‘ವೃತ್ತಿನಿಷ್ಠೆ’ಯನ್ನು ಪ್ರಶಿಕ್ಷಣಾರ್ಥಿಯ ಎದೆಯೊಳಗೆ ಮಾತ್ರ ಹುಡುಕುವುದು ಅನುಕೂಲಸಿಂಧು.

ಆದರೆ ಈ ಪಂಥಕ್ಕೂ ಉತ್ತರಿಸಲಾಗದ್ದು ಒಂದಿದೆ. ಇದೇ ವ್ಯವಸ್ಥೆ, ಇದೇ ಕಾಲೇಜು, ಇದೇ ಸಂಬಳ. ಅದರೊಳಗಿಂದಲೇ ಒಬ್ಬಳು ಮಕ್ಕಳನ್ನು ಹಚ್ಚಿಕೊಂಡು ಕಲಿಸುತ್ತಾಳೆ, ಇನ್ನೊಬ್ಬ ಗಂಟೆ ಎಣಿಸುತ್ತಾನೆ. ವ್ಯವಸ್ಥೆಯ ವಿವರಣೆ ಇಬ್ಬರಿಗೂ ಒಂದೇ ಆಗಿಬಿಡುತ್ತದೆ.

ಗಡಿಯಾಚೆಯ ಕನ್ನಡ ಶಿಕ್ಷಕ

ವಡಪಳನಿಯಿಂದ ಬರೆಯುವಾಗ ಈ ಭಾಗವನ್ನು ಬಿಡಲಾಗದು. ವಡಪಳನಿಯಿಂದ ದೂರವಿಲ್ಲದ ತ್ಯಾಗರಾಯನಗರದಲ್ಲಿ ಕರ್ನಾಟಕ ಸಂಘದ ಶಾಲೆ ಇದೆ. ಹೊಸೂರು, ತಾಳವಾಡಿ ಕಡೆ ಕನ್ನಡದ ಮಕ್ಕಳಿದ್ದಾರೆ. 2006ರ ತಮಿಳು ಕಲಿಕಾ ಕಾಯ್ದೆ ಹಂತಹಂತವಾಗಿ ಹತ್ತನೆಯ ತರಗತಿಗೆ ಬಂದಾಗ, ಭಾಷಾ ಅಲ್ಪಸಂಖ್ಯಾತ ಶಾಲೆಗಳು ವಿನಾಯಿತಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಕಾಸರಗೋಡಿನಲ್ಲಿ ತೊಡಕು ಬೇರೆ ಬಗೆಯದು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರು ನೇಮಕವಾಗಿ ಬರುವುದು, ಮಕ್ಕಳೂ ಪೋಷಕರೂ ಪ್ರತಿಭಟಿಸುವುದು ಅಲ್ಲಿ ಮರುಕಳಿಸುತ್ತಲೇ ಇದೆ. ರಿಷಬ್ ಶೆಟ್ಟಿಯವರ 2018ರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಚಿತ್ರದ ನಗುವಿನ ಹಿಂದಿರುವುದು ಇದೇ ಸಂಕಟ.

ಇಂಥ ಕಡೆ ಕನ್ನಡ ಶಿಕ್ಷಕಿಯಾಗಲು ತರಬೇತಿ ಪಡೆಯುವವಳ ಲೆಕ್ಕಾಚಾರದಲ್ಲಿ ಭಾಷೆ ಉಳಿಸುವ ಹಂಬಲವೂ, ಮುಂದಿನ ವರ್ಷ ತರಗತಿಗೆ ಮಕ್ಕಳು ಬರುತ್ತಾರೋ ಎಂಬ ಭಯವೂ ಒಟ್ಟಿಗೇ ಇರುತ್ತವೆ. ಅಹ್ಲುವಾಲಿಯಾ ಅವರ ಆರು ವಿಭಾಗಗಳಲ್ಲಾಗಲಿ ಆಸ್ಟ್ರೇಲಿಯಾದ ಮಾಪಕದಲ್ಲಾಗಲಿ ಇದನ್ನು ಹಾಕಲು ಖಾನೆ ಇಲ್ಲ.

ಇತ್ಯರ್ಥವಾಗದೆ ಉಳಿದವು

ಮೊದಲನೆಯದು ಎಲ್ಲಕ್ಕೂ ಬುಡದ ಪ್ರಶ್ನೆ: ತರಬೇತಿಯ ದಿನಗಳ ಮನೋಭಾವಕ್ಕೂ ಮುಂದೆ ಮಕ್ಕಳು ಕಲಿಯುವುದಕ್ಕೂ ನಂಟು ಇದೆಯೇ? ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಆಂಧ್ರಪ್ರದೇಶದ ಶಾಲೆಗಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಾಮಾನ್ಯ ಸ್ಥಿತಿಯಲ್ಲಿ ಶಿಕ್ಷಕರ ಓದು-ತರಬೇತಿಗೂ ಮಕ್ಕಳ ಪ್ರಗತಿಗೂ ಗುರುತಿಸುವಂಥ ಸಂಬಂಧ ಕಾಣಲಿಲ್ಲ. ಪ್ರೋತ್ಸಾಹಧನ ಇದ್ದ ಶಾಲೆಗಳಲ್ಲಿ ಮಾತ್ರ ಹೆಚ್ಚು ಓದಿ ತರಬೇತಾದವರು ಹೆಚ್ಚು ಮಾಡಿ ತೋರಿಸಿದರು. ತರಬೇತಿ ಏನೋ ಕೊಟ್ಟಿರುತ್ತದೆ, ಅದು ಹೊರಬರಲು ಕೆಲಸದ ಜಾಗ ಕೇಳಬೇಕು ಎಂದು ನಾನು ಇದನ್ನು ಓದುತ್ತೇನೆ. ಹಣದ ಆಸೆಯಿಲ್ಲದೆ ಯಾರೂ ಮೈಬಗ್ಗಿಸುವುದಿಲ್ಲ ಎಂದು ಓದುವವರೂ ಇದ್ದಾರೆ.

ಎರಡನೆಯದು ನಾಲ್ಕು ವರ್ಷದ ಪದವಿ. ಹದಿನೇಳರ ವಯಸ್ಸಿನಲ್ಲೇ ಶಿಕ್ಷಕನಾಗುವೆನೆಂದು ತೀರ್ಮಾನಿಸಿದವರ ನಿಷ್ಠೆ, ಪದವಿಯ ನಂತರ ಬಂದವರ ನಿಷ್ಠೆಗಿಂತ ಗಟ್ಟಿಯೇ? ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಲ್ಲಿ ಪ್ರಾರಂಭವಾಗಿ ಇಂಥ ಪದವಿ ನಡೆಸುತ್ತ ಬಂದಿದೆ, ತಮಿಳುನಾಡಿನ ಮಕ್ಕಳೂ ಅಲ್ಲಿಗೆ ಹೋಗುತ್ತಾರೆ. ಆರು ದಶಕಗಳಲ್ಲಿ ಅಲ್ಲಿಂದ ಹೊರಬಂದವರಲ್ಲಿ ಎಷ್ಟು ಮಂದಿ ಶಾಲಾ ತರಗತಿಯಲ್ಲಿ ಉಳಿದರು ಎಂದು ಬೆನ್ನುಹತ್ತಿ ನೋಡಿದರೆ ನೀತಿಯ ವಾದಕ್ಕೆ ಅರ್ಧ ಉತ್ತರ ಸಿಗುತ್ತದೆ.

ಮೂರನೆಯದು ಗಂಡು ಮಕ್ಕಳದು. ಚೆನ್ನೈ, ಬೆಂಗಳೂರಿನಂಥ ಊರುಗಳ ಬಿ.ಎಡ್. ತರಗತಿಗಳಲ್ಲಿ ಅವರು ಕೈಬೆರಳೆಣಿಕೆಗೆ ಇಳಿದಿದ್ದಾರೆ. ಇದು ವೃತ್ತಿಯ ಬೆಲೆ ಇಳಿದ ಗುರುತೋ, ಹೆಣ್ಣುಮಕ್ಕಳು ಗಟ್ಟಿಯಾಗಿ ತಮ್ಮದಾಗಿಸಿಕೊಂಡ ಗುರುತೋ ಎಂಬಲ್ಲಿ ಒಮ್ಮತವಿಲ್ಲ.

ಕೊನೆಯದು ಕಾಯುವವರ ಪ್ರಶ್ನೆ. ತಮಿಳುನಾಡಿನಲ್ಲಿ 2013ರಲ್ಲಿ ಅರ್ಹತಾ ಪರೀಕ್ಷೆ ಪಾಸಾದವರಲ್ಲಿ ಎಷ್ಟೋ ಮಂದಿ ನೇಮಕಾತಿಗಾಗಿ ವರ್ಷಗಟ್ಟಲೆ ಚೆನ್ನೈನಲ್ಲಿ ಧರಣಿ ಕೂತರು. ಈ ನಡುವೆ, 2018ರಲ್ಲಿ, ನೇಮಕಕ್ಕೆ ಇನ್ನೊಂದು ಸ್ಪರ್ಧಾತ್ಮಕ ಪರೀಕ್ಷೆ ಬೇಕೆಂಬ ಆದೇಶ ಬಂತು. 2021ರಲ್ಲಿ ಅವರ ಪ್ರಮಾಣಪತ್ರಕ್ಕಿದ್ದ ಏಳು ವರ್ಷದ ಗಡುವು ತೆಗೆದು ಜೀವನಪೂರ್ತಿ ಮಾನ್ಯತೆ ಕೊಟ್ಟರು, ಆದರೆ ಹುದ್ದೆ ಕೊಡಲಿಲ್ಲ. ಕರ್ನಾಟಕದಲ್ಲಿ ಇವರ ಸರೀಕರು ಅತಿಥಿ ಶಿಕ್ಷಕರಾಗಿ, ಕಾಯಂ ಸಂಬಳದ ಒಂದಂಶಕ್ಕೆ, ವರ್ಷದಿಂದ ವರ್ಷಕ್ಕೆ ಹೊಸದಾಗಿ ಸೇರಿ ಹೊಸದಾಗಿ ಬಿಡುಗಡೆಯಾಗುತ್ತಾರೆ. ಇವರು ಪ್ರಶಿಕ್ಷಣಾರ್ಥಿಗಳಲ್ಲ, ಇಲಾಖೆಯ ಲೆಕ್ಕದಲ್ಲಿ ಶಿಕ್ಷಕರೂ ಅಲ್ಲ. ಅವರ ಮನೋಭಾವವನ್ನು ಯಾವ ಗುಂಪಿನ ಸರಾಸರಿಗೆ ಸೇರಿಸಬೇಕು ಎಂಬುದನ್ನು ಮೇಲಿನ ಐದೂ ಪಂಥಗಳು ಇನ್ನೂ ಹೇಳಿಲ್ಲ.